ಮೇದೋಜೀರಕದ ಕಲ್ಲುಗಳೂ ಮಧುಮೇಹವೂ

ಇಚಿಲಂಪಾಡಿ, ಕಡಬಗಳ ಕಡೆಯವರಿಗೆ ಮರಗೆಣಸು ಅಪರಿಚಿತವಾದ ಬೆಳೆಯಲ್ಲ. ಕೇರಳದಿಂದ ಬಂದು ಅಲ್ಲಿ ನೆಲಸಿದ ಕೃಷಿಕರಿಗಂತೂ ಅದು ಬಹಳ ಬಳಕೆಯ ಆಹಾರ. ಗೆಡ್ಡೆಯನ್ನು ಬೇಯಿಸಿದ ನೀರನ್ನು ಚೆಲ್ಲಬೇಕೆಂದು ಅಡುಗೆಮನೆಯವರು ಬಲ್ಲರು. ಸಯನೈಡನ್ನು ಹೊರಗೆಡಹುವ ಲಿನಮಾರಿನ್ ಎಂಬ ವಸ್ತುವು ಅದರಲ್ಲಿದೆ. ಈ ಬಡವರ ಗೆಡ್ಡೆಯ ಮೇಲೆ ಹಿಂದೆ ಇನ್ನೂ ದೊಡ್ಡ ಅಪವಾದವೊಂದು ಬಂದಿತ್ತು: ಅದು ಮಧುಮೇಹವನ್ನು ತರುತ್ತದೆಂದು.

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಗೆ ಎರಡು ಕಾರ್ಯಗಳುಂಟು. ಅದು ಸಣ್ಣ ಕರುಳಿಗೆ ಪಾಚಕರಸವನ್ನು ಒದಗಿಸುತ್ತದೆ. ಅದರ ನಡುನಡುವೆ, 1869ರಲ್ಲಿ ಲ್ಯಾಂಗರ್‌ಹಾನ್ಸ್ ಕಂಡ ಕಿರುದ್ವೀಪಗಳು, ಇನ್ಸುಲಿನ್ ಮತ್ತು ಗ್ಲೂಕಗಾನ್‌ಗಳನ್ನು ನೆತ್ತರಿಗೆ ಬಿಡುತ್ತವೆ. ಗ್ರಂಥಿಯು ಉರಿಯೂತಕ್ಕೆ ಸಿಕ್ಕಿದಾಗ ಪಾಚಕರಸವು ತನ್ನ ಮನೆಯನ್ನೇ ಜೀರ್ಣಿಸತೊಡಗುತ್ತದೆ. ಅಡುಗೆಮನೆಯ ಬೆಂಕಿ ಪಕ್ಕದ ಕೋಣೆಗೆ ಹಬ್ಬುವಂತೆ ದ್ವೀಪಗಳಿಗೂ ಹಾನಿ ತಟ್ಟುತ್ತದೆ.

ಕೇರಳದಲ್ಲಿ ಡಾ. ಗೀವರ್ಗೀಸ್ ಅವರು ಇಂಥ ರೋಗಿಗಳನ್ನು ಬಹುಸಂಖ್ಯೆಯಲ್ಲಿ ಪರೀಕ್ಷಿಸಿ 1968ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲಿ ಹೊಟ್ಟೆನೋವು, ಮುಂದೆ ಮಧುಮೇಹ, ಬಡಕಲು ಶರೀರ. ಕ್ಷಕಿರಣ ಚಿತ್ರದಲ್ಲಿ ಬೆನ್ನೆಲುಬಿನ ಅಡ್ಡಕ್ಕೆ ಬಿಳಿಯ ಕಲ್ಲುಗಳ ಸಾಲು. ಕಲ್ಲುಗಳು ಹೀಗೆ ಎದ್ದು ಕಾಣುವುದೇಕೆ? ಅವು ಮುಖ್ಯವಾಗಿ ಸುಣ್ಣಕಲ್ಲಿನ ದ್ರವ್ಯವಾದ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಷಕಿರಣವನ್ನು ಹೀರುವ ಶಕ್ತಿಯು ಪರಮಾಣು ಸಂಖ್ಯೆಯ ಸುಮಾರು ಘನದಷ್ಟು ವೇಗದಿಂದ ಏರುತ್ತದೆ. ಕ್ಯಾಲ್ಸಿಯಮ್ಮಿನ ಸಂಖ್ಯೆ 20. ಮಾಂಸದಲ್ಲಿ ಹೆಚ್ಚಾಗಿರುವ ಆಮ್ಲಜನಕದ್ದು ಬರಿಯ 8. ಭೌತಶಾಸ್ತ್ರವು ವೈದ್ಯನಿಗೆ ಇಷ್ಟು ಅಗ್ಗವಾಗಿ ನೆರವಾಗುವ ಸಂದರ್ಭಗಳು ವಿರಳ!

ಆ ರೋಗಿಗಳ ನಾಡಿನಲ್ಲಿ ಮರಗೆಣಸೇ ಬಡವರ ಊಟ. ಸಯನೈಡನ್ನು ನಿರ್ವಿಷಗೊಳಿಸಲು ಗಂಧಕವುಳ್ಳ ಅಮೈನೊ ಆಮ್ಲಗಳು ಬೇಕು. ಸಸಾರಜನಕದ ಕೊರತೆಯಿರುವವರಲ್ಲಿ ಅವು ಸಾಲವು. ಇದೇ ಕಾರಣವಿರಬಹುದೆಂದು ಮ್ಯಾಕ್‌ಮಿಲನ್ ಮತ್ತು ಗೀವರ್ಗೀಸ್ 1979ರಲ್ಲಿ ಸೂಚಿಸಿದರು. ವಾದವೇನೋ ಚೆಂದವಾಗಿತ್ತು. ಆದರೆ ಎರಡು ಸಂಗತಿಗಳು ಒಂದೇ ಊರಲ್ಲಿ ಜತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದನ್ನು ಹುಟ್ಟಿಸಿತೆಂದು ಹೇಳಲಾಗದಷ್ಟೆ. ಪಶ್ಚಿಮ ಆಫ್ರಿಕದಲ್ಲಿ ಮರಗೆಣಸನ್ನೇ ಉಂಡು ಬದುಕುವ ಜನರಲ್ಲಿ ಈ ರೋಗವು ಕಾಣದ ಕಡೆಗಳಿವೆ. ಮರಗೆಣಸನ್ನು ಅಪರೂಪಕ್ಕೂ ತಿನ್ನದ ಭಾರತೀಯರಲ್ಲಿ ಅದು ಕಂಡುಬಂದಿದೆ. ಮುಂದೆ ಸ್ಪಿಂಕ್-1 ಎಂಬ ಜೀನಿನ ದೋಷವು ಅನೇಕ ರೋಗಿಗಳಲ್ಲಿ ದೊರೆಯಿತು. ಗ್ರಂಥಿಯೊಳಗೆ ಅಕಾಲದಲ್ಲಿ ಚುರುಕಾಗುವ ಟ್ರಿಪ್ಸಿನ್ನನ್ನು ತಡೆಯುವುದೇ ಆ ಜೀನಿನ ಕೆಲಸ. ಆರೋಗ್ಯವಂತರಲ್ಲೂ ಈ ದೋಷವು ಇರುವುದರಿಂದ ಅದೊಂದೇ ಕಾರಣವಾಗದು.

ಕಲ್ಲುಗಳಿಲ್ಲದೆ, ಒಮ್ಮೆ ಹಠಾತ್ತನೆ ಬಂದುಹೋದ ಉರಿಯೂತವೂ ಮಧುಮೇಹವನ್ನು ಬಿಟ್ಟುಹೋಗಬಲ್ಲದು. 24 ಅಧ್ಯಯನಗಳ 1102 ರೋಗಿಗಳನ್ನು ಒಟ್ಟುಗೂಡಿಸಿದ 2014ರ ಲೆಕ್ಕದಲ್ಲಿ ನೂರಕ್ಕೆ ಸುಮಾರು 23 ಮಂದಿಗೆ ಮಧುಮೇಹ ತಗಲಿತ್ತು. ಉರಿಯೂತದ ತೀವ್ರತೆಗೂ ಇದಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲವೆಂಬುದು ವಿಚಿತ್ರ.

ಎಣಿಕೆಯಲ್ಲಿ ಇನ್ನೊಂದು ತೊಡಕಿದೆ. 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಮೇದೋಜೀರಕ ರೋಗದ ತರುವಾಯ ಮಧುಮೇಹಿಗಳಾದ 559 ಜನರ ಪೈಕಿ ನೂರಕ್ಕೆ 88ರಷ್ಟು ಮಂದಿಯನ್ನು ಸಾಮಾನ್ಯವಾದ ಎರಡನೆಯ ಬಗೆಯವರೆಂದೇ ದಾಖಲಿಸಿದ್ದರು. ಸರಿಯಾದ ಹೆಸರು ದೊರೆತದ್ದು ನೂರಕ್ಕೆ ಮೂವರಿಗೂ ಕಡಮೆ. ಹೆಸರಿನಲ್ಲೇನಿದೆ ಎನ್ನುವಂತಿಲ್ಲ. ರಕ್ತದ ಸಕ್ಕರೆ ತೀರ ಇಳಿದಾಗ ಅದನ್ನು ಮೇಲೆತ್ತಬೇಕಾದ ಗ್ಲೂಕಗಾನ್ ಕೂಡ ಇವರಲ್ಲಿ ಕ್ಷೀಣಿಸಿರಬಹುದು. ಅಂಥವರಿಗೆ ಇನ್ಸುಲಿನ್ನಿನ ಪ್ರಮಾಣ ತುಸು ಮೀರಿದರೂ ಪ್ರಜ್ಞೆ ತಪ್ಪುವ ಅಪಾಯವುಂಟು.