ಇಟ್ಟಿಗೆ ಆಟದ ಬೆಲೆ

ಇಟ್ಟಿಗೆ ಪೇರಿಸಿ ಮನೆ, ಕೋಟೆ, ಊರನ್ನೇ ಕಟ್ಟುವ ಕಂಪ್ಯೂಟರ್ ಆಟ 'ಮೈನ್‌ಕ್ರಾಫ್ಟ್'. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಅದನ್ನು ಅರೆಬರೆಯಾಗಿದ್ದಾಗಲೇ ಕಡಿಮೆ ಬೆಲೆಗೆ ಮಾರತೊಡಗಿದರು. ಆಗ ಕೊಂಡವರಿಗೆ ಮುಂದಿನ ಸುಧಾರಣೆಗಳೆಲ್ಲ ಪುಕ್ಕಟೆ. ಆಡುವವರೂ ಸುಮ್ಮನೆ ಕೂರಲಿಲ್ಲ. ಆಟದ ಒಳಗನ್ನೇ ಬಿಚ್ಚಿ ತಮಗೆ ಬೇಕಾದ್ದನ್ನು ಸೇರಿಸಿದರು. ಇದಕ್ಕೆ 'ಮಾಡ್' ಎಂದು ಹೆಸರು. ಇಟ್ಟಿಗೆ ತಳ್ಳುವ ಪಿಸ್ಟನ್ ಹೀಗೆ ಒಬ್ಬ ಆಟಗಾರನಿಂದ ಬಂದದ್ದು. 2011ರಲ್ಲಿ ಮೂಲ ಆಟವೇ ಅದನ್ನು ಸೇರಿಸಿಕೊಂಡಿತು.

'ಜಾವಾ' ಆವೃತ್ತಿಗೆ ಬರೆದ ಮಾಡ್ ಬರೆದವರದೇ ಸ್ವತ್ತು. ಆದರೆ ದುಡ್ಡಿಗೆ ಮಾರುವಂತಿಲ್ಲ, ಅದು ಕಂಪನಿಯ ಕರಾರು. 2014ರಲ್ಲಿ ಆಟ 250 ಕೋಟಿ ಡಾಲರಿಗೆ ಮೈಕ್ರೋಸಾಫ್ಟ್ ಪಾಲಾಯಿತು. 2017ರಲ್ಲಿ ಇನ್ನೊಂದು ಆವೃತ್ತಿಯೊಳಗೆ ಅಂಗಡಿಯೇ ತೆರೆಯಿತು. ಅಲ್ಲಿ ಬೆಲೆಯೆಲ್ಲ 'ಮೈನ್‌ಕಾಯಿನ್' ಲೆಕ್ಕದಲ್ಲಿ. ಆ ನಾಣ್ಯವನ್ನು ಮೊದಲು ನಿಜವಾದ ಹಣ ಕೊಟ್ಟು ಕೊಳ್ಳಬೇಕು. ತಯಾರಿಸಿದವರಿಗೂ ಪಾಲುಂಟು, ಅದು ನ್ಯಾಯವೇ. ಆದರೆ ಬೆಲೆಯನ್ನು ರೂಪಾಯಿಯಲ್ಲೇ ಬರೆದಿದ್ದರೆ ಮಕ್ಕಳು ಒಮ್ಮೆ ಅಪ್ಪನ ಜೇಬಿನತ್ತ ನೋಡುತ್ತಿದ್ದರು.