ಹೊರ ಊರುಗಳಿಂದ ಬೊಮ್ಮನಹಳ್ಳಿಗೆ ಬರುವ ಅರ್ಜಿದಾರರು ಮಿತವೆಚ್ಚದಲ್ಲಿ ಉತ್ತಮ ಊಟ-ಉಪಾಹಾರ ಪಡೆಯುವ ಬಗ್ಗೆ ಮಾಹಿತಿ

ಆಸ್ತಿ ನೋಂದಣಿ, ಖಾತಾ, ಭವಿಷ್ಯನಿಧಿ ಮುಂತಾದ ಕೆಲಸಗಳಿಗಾಗಿ ಬೇರೆ ಜಿಲ್ಲೆಗಳಿಂದ ಬೊಮ್ಮನಹಳ್ಳಿ ಭಾಗಕ್ಕೆ ಬರುವ ನಾಗರಿಕರು ಮೂಲ ದಾಖಲೆ, ನಕಲು ಪ್ರತಿ, ಭಾವಚಿತ್ರಗಳನ್ನೆಲ್ಲ ಜೋಡಿಸಿಕೊಂಡು ಬರುತ್ತಾರೆ. ಊಟದ ವಿಷಯವನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣವೆಂದು ಬಿಟ್ಟಿರುತ್ತಾರೆ. ರಾತ್ರಿ ಬಸ್ಸಿನಲ್ಲಿ ಪ್ರಯಾಣಿಸಿ ಬಂದು, ಸರದಿ ತಪ್ಪೀತೆಂಬ ಅಂಜಿಕೆಯಿಂದ ಮಧ್ಯಾಹ್ನದವರೆಗೆ ಏನನ್ನೂ ಸೇವಿಸದೆ ನಿಲ್ಲುವವರಲ್ಲಿ ವೃದ್ಧರೂ ಮಧುಮೇಹಿಗಳೂ ಇರುತ್ತಾರೆ. ಕೊನೆಗೆ ಹಸಿವು ತಡೆಯಲಾರದೆ ಎದುರಿಗೆ ಕಂಡ ಮೊದಲ ಹೋಟೆಲನ್ನು ಹೊಕ್ಕು, ದರಪಟ್ಟಿ ನೋಡದೆ ಕುಳಿತು, ದಿನದ ಕೂಲಿಯ ಬಹುಪಾಲನ್ನು ಅಲ್ಲಿಯೇ ತೆರುವುದುಂಟು. ಈ ಭಾಗದಲ್ಲಿ ಕಡಿಮೆ ದರದ ಒಳ್ಳೆಯ ಆಹಾರಕ್ಕೆ ಕೊರತೆಯಿಲ್ಲ. ಆದರೆ ಅದು ಹೆದ್ದಾರಿಯಿಂದ ಕಾಣಿಸುವುದಿಲ್ಲ, ಎಲ್ಲ ವೇಳೆಯಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಯಾವುದೇ ಖಾಸಗಿ ಹೋಟೆಲನ್ನು ಇಲ್ಲಿ ಹೆಸರಿಸಿ ಶಿಫಾರಸು ಮಾಡಿರುವುದಿಲ್ಲ. ಹೋಟೆಲ್ ಎಂಬ ಪದವನ್ನು ನಮ್ಮಲ್ಲಿ ರೂಢಿಯಲ್ಲಿರುವಂತೆ ಊಟ-ತಿಂಡಿಯ ಸ್ಥಳವೆಂಬ ಅರ್ಥದಲ್ಲಿಯೇ ಬಳಸಲಾಗಿದೆ.

ಎಲ್ಲಿ ಹುಡುಕಬೇಕು?

ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿದವರು ಮೆಟ್ರೋ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, 2025ರ ಆಗಸ್ಟ್‌ನಲ್ಲಿ ಪ್ರಾರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡು ಬೊಮ್ಮನಹಳ್ಳಿಯನ್ನು ತಲುಪಬಹುದು. ನಗರ ಬಸ್ಸಿನಲ್ಲಿ ಬರುವವರು ಒಂದು ವಿಷಯವನ್ನು ಗಮನಿಸತಕ್ಕದ್ದು: ಹೊಸೂರು ರಸ್ತೆಯ ಮೇಲೆ 2010ರಲ್ಲಿ ತೆರೆದ ಮೇಲ್ಸೇತುವೆಯನ್ನು ಏರುವ ಬಸ್ಸುಗಳು ಕೆಳಗಿನ ನಿಲ್ದಾಣಗಳನ್ನು ಬಿಟ್ಟು ನೇರವಾಗಿ ಎಲೆಕ್ಟ್ರಾನಿಕ್ಸ್ ಸಿಟಿಯ ಕಡೆಗೆ ಸಾಗುತ್ತವೆ. ಹತ್ತುವ ಮುನ್ನ ನಿರ್ವಾಹಕರನ್ನು ವಿಚಾರಿಸುವುದು ಒಳ್ಳೆಯದು.

ಬೊಮ್ಮನಹಳ್ಳಿಯ ಪೂರ್ವಕ್ಕೆ ಎಚ್.ಎಸ್.ಆರ್. ಬಡಾವಣೆ ಇದೆ. ಅಲ್ಲಿಯ 27ನೇ ಮುಖ್ಯರಸ್ತೆಯಲ್ಲಿ ಉಪಾಹಾರ ಗೃಹಗಳು ಸಾಲುಗಟ್ಟಿವೆ. ಆದರೆ ಅವುಗಳಲ್ಲಿ ಹಲವು ತಂತ್ರಾಂಶ ಉದ್ಯೋಗಿಗಳ ಸಂಬಳಕ್ಕೆ ತಕ್ಕ ದರ ಇಟ್ಟುಕೊಂಡಿವೆ. ಪಶ್ಚಿಮಕ್ಕೆ ಹೊರಳುವ ಬೇಗೂರು ರಸ್ತೆ ಹಾಗೂ ಹೊಂಗಸಂದ್ರದ ಕಡೆಗೆ ಸಿದ್ಧ ಉಡುಪು ಕಾರ್ಖಾನೆಗಳೂ ಕಾರ್ಮಿಕರ ವಸತಿಗಳೂ ಹೆಚ್ಚು. ದಿನವೂ ಸ್ವಂತ ದುಡ್ಡಿನಲ್ಲಿ ಹೊರಗೆ ಉಣ್ಣುವ ಕಾರ್ಮಿಕರು ದರ ಏರಿದರೆ ಅಥವಾ ರುಚಿ ಕೆಟ್ಟರೆ ಮರುದಿನವೇ ಪಕ್ಕದ ಹೋಟೆಲಿಗೆ ಹೋಗುತ್ತಾರೆ. ಹೆದ್ದಾರಿಯ ಅಂಚಿನ ಹೋಟೆಲಿಗೆ ಈ ಭಯವಿಲ್ಲ, ಅಲ್ಲಿಗೆ ಬರುವ ಗಿರಾಕಿ ಬಹುಮಟ್ಟಿಗೆ ಮತ್ತೆ ಬರುವವನಲ್ಲ. ಆದ್ದರಿಂದ ಮುಖ್ಯರಸ್ತೆ ಬಿಟ್ಟು ಅಡ್ಡರಸ್ತೆಗೆ ನಡೆಯುವ ಐದು ನಿಮಿಷ ವ್ಯರ್ಥವಲ್ಲ. "ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?" ಎಂದು ಕೇಳಿದರೆ ದೊಡ್ಡ ಫಲಕವಿರುವುದನ್ನೇ ತೋರಿಸುವುದು ಸಹಜ. ಬದಲಿಗೆ ಆಟೋ ಚಾಲಕರನ್ನೋ ಕಚೇರಿಯ ಕಾವಲುಗಾರರನ್ನೋ "ತಾವು ಎಲ್ಲಿ ಊಟ ಮಾಡುತ್ತೀರಿ?" ಎಂದು ಕೇಳುವುದು ಸೂಕ್ತ.

ದರ್ಶಿನಿಗಳು

ಕಡಿಮೆ ಹಣದಲ್ಲಿ ಬೇಗ ಉಪಾಹಾರ ಮುಗಿಸಬೇಕಾದವರಿಗೆ ದರ್ಶಿನಿ ಅತ್ಯಂತ ಅನುಕೂಲಕರ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿಯನ್ನು ತೆರೆದ ಮೇಲೆ ಈ ಪದ್ಧತಿ ನಗರದಾದ್ಯಂತ ಹಬ್ಬಿತು. ಮೊದಲು ಗಲ್ಲಾಪೆಟ್ಟಿಗೆಯಲ್ಲಿ ಹಣ ಕೊಟ್ಟು ಟೋಕನ್ ಪಡೆಯಬೇಕು, ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತಿಂಡಿ ತೆಗೆದುಕೊಳ್ಳಬೇಕು, ನಿಂತು ತಿನ್ನಬೇಕು. ಮೊದಲ ಸಲ ಬಂದವರು ಮೇಜು ಹುಡುಕಿಕೊಂಡು, ಯಾರಾದರೂ ಬಂದು ಕೇಳುತ್ತಾರೆಂದು ಕಾಯುತ್ತಾ ನಿಲ್ಲುವುದಿದೆ, ಯಾರೂ ಬರುವುದಿಲ್ಲ. ಕುರ್ಚಿ ಮೇಜುಗಳಿಗೆ ಬೇಕಾದ ಜಾಗದ ಬಾಡಿಗೆಯೂ ಬಡಿಸುವವರ ಸಂಬಳವೂ ಉಳಿಯುವುದರಿಂದಲೇ ಇಲ್ಲಿ ದರ ಕಡಿಮೆ. ದರಪಟ್ಟಿ ಗಲ್ಲಾಪೆಟ್ಟಿಗೆಯ ಮೇಲ್ಭಾಗದಲ್ಲಿರುತ್ತದೆ, ಅಡುಗೆ ಬಹುತೇಕ ಕಣ್ಣೆದುರಿಗೇ ನಡೆಯುತ್ತದೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದಾದರೆ "ಬೈಟು" ಎಂದರೆ ಸಾಕು.

ಬೆಳಗಿನ 8ರಿಂದ 10ರವರೆಗೆ ಜನ ಹೆಚ್ಚಿರುವಾಗ ತಿಂಡಿ ಬಿಸಿಯಾಗಿಯೂ ತಾಜಾ ಆಗಿಯೂ ಇರುತ್ತದೆ. ಹನ್ನೊಂದರ ನಂತರ ಉಳಿದ ಖಾರಾಬಾತ್, ಚಿತ್ರಾನ್ನಗಳನ್ನು ಕೊಳ್ಳುವುದಕ್ಕಿಂತ ಆಗತಾನೆ ಹುಯ್ದ ದೋಸೆ ಮೇಲು. ನಿಲ್ಲಲಾಗದ ವೃದ್ಧರು ಕುಳಿತು ತಿನ್ನುವ ಹೋಟೆಲುಗಳಿಗೆ ಹೋಗಬಹುದು. ಆದರೆ ಒಂದೇ ಹೋಟೆಲಿನಲ್ಲಿ ಕೆಳಗೆ ಸ್ವಸಹಾಯ ಪದ್ಧತಿ, ಮೇಲೆ ಹವಾನಿಯಂತ್ರಿತ ಕೊಠಡಿ ಇದ್ದಲ್ಲಿ ಎರಡಕ್ಕೂ ಬೇರೆ ಬೇರೆ ದರಪಟ್ಟಿ ಇರುವುದು ಸಾಮಾನ್ಯ. ಮೆಟ್ಟಿಲು ಹತ್ತುವ ಮುನ್ನ ಕೇಳಿಕೊಳ್ಳಿ.

ಮಧ್ಯಾಹ್ನದ ಊಟ

ಮಧ್ಯಾಹ್ನ ಹೆಚ್ಚು ಎಚ್ಚರ ಬೇಕು. "ಪ್ಲೇಟ್ ಊಟ"ದಲ್ಲಿ ಬಡಿಸಿದಷ್ಟೇ. "ಫುಲ್ ಮೀಲ್ಸ್" ಎಂದಿದ್ದರೂ ಅನ್ನ, ಸಾರು ಮತ್ತೆ ಬಡಿಸುತ್ತಾರೆಯೇ ಎಂಬುದನ್ನು ಮೊದಲೇ ಕೇಳಬೇಕು. ದಕ್ಷಿಣ ಜಿಲ್ಲೆಗಳವರಿಗೆ ಮುದ್ದೆ ಊಟದ ಹೋಟೆಲುಗಳು, ಮಾಂಸಾಹಾರಿಗಳಿಗೆ ಮಿಲಿಟರಿ ಹೋಟೆಲುಗಳು, ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿಯ ಖಾನಾವಳಿಗಳು ನಗರದಲ್ಲಿವೆ. ಇಂತಹ ಕಡೆ ಅಡುಗೆಯನ್ನು ಅಂದಾಜು ಮಾಡಿ ಒಮ್ಮೆಗೇ ಮಾಡುವುದರಿಂದ ತಡವಾಗಿ ಹೋದವರಿಗೆ ಊಟ ಮುಗಿದಿರುತ್ತದೆ. ಕಚೇರಿಯ ಮಧ್ಯಾಹ್ನದ ವಿರಾಮವನ್ನು ಬೆಳಿಗ್ಗೆಯೇ ತಿಳಿದುಕೊಂಡು ಆ ವೇಳೆಗೆ ಊಟಕ್ಕೆ ಹೊರಟರೆ ಸರದಿಯೂ ಉಳಿಯುತ್ತದೆ.

ಅತಿ ಕಡಿಮೆ ದರದಲ್ಲಿ ಆಹಾರ ಸಿಗುವುದು ಇಂದಿರಾ ಕ್ಯಾಂಟೀನ್‌ಗಳಲ್ಲಿ. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಪ್ರಾರಂಭವಾದ ಈ ಯೋಜನೆಯಲ್ಲಿ ಬೆಳಗಿನ ಉಪಾಹಾರಕ್ಕೆ 5 ರೂಪಾಯಿ, ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ತಲಾ 10 ರೂಪಾಯಿ ನಿಗದಿಪಡಿಸಲಾಯಿತು. ಪಡಿತರ ಚೀಟಿಯಾಗಲಿ ವಾಸಸ್ಥಳದ ದಾಖಲೆಯಾಗಲಿ ಬೇಕಿಲ್ಲ. ಯಾರು ಬೇಕಾದರೂ ಹೋಗಬಹುದು, ಸಂಕೋಚಪಡುವ ಕಾರಣವಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿದ್ದರೂ ಹಲವೆಡೆ ಹಳೆಯ ಪಾಲಿಕೆಯ ಹೆಸರಿನ ಫಲಕಗಳೇ ಇರಬಹುದು. ಊಟದ ಸಂಖ್ಯೆ ಮಿತವಾಗಿರುವುದರಿಂದ ವಿತರಣೆಯ ಆರಂಭದಲ್ಲಿಯೇ ಹೋಗತಕ್ಕದ್ದು. ಆ ದಿನ ಕ್ಯಾಂಟೀನ್ ತೆರೆದಿದೆಯೇ ಎಂಬುದನ್ನು ಸ್ಥಳೀಯರಲ್ಲಿ ವಿಚಾರಿಸಿಕೊಳ್ಳಿ.

ಶುಚಿತ್ವ

ಪ್ರತಿ ಹೋಟೆಲಿನಲ್ಲಿಯೂ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಕಾಣುವಂತೆ ಪ್ರದರ್ಶಿಸಬೇಕು. 2022ರ ಜನವರಿ 1ರಿಂದ ಬಿಲ್ಲಿನಲ್ಲಿಯೂ ಅದನ್ನು ಮುದ್ರಿಸುವುದು ಕಡ್ಡಾಯ. ಸಂಖ್ಯೆ ಇದೆಯೆಂದ ಮಾತ್ರಕ್ಕೆ ಅಡುಗೆ ಶುಚಿಯಾಗಿದೆ ಎಂದಲ್ಲ, ಕಣ್ಣಿನಿಂದಲೂ ನೋಡಬೇಕು. ಕಪ್ಪಾಗಿ ಹೊಗೆಯಾಡುವ ಎಣ್ಣೆಯಲ್ಲಿ ಕರಿದ ಬಜ್ಜಿ, ಬೋಂಡಾ ಬೇಡ. ಕೃತಕ ಬಣ್ಣ ಬಳಸಿದ ಗೋಬಿ ಮಂಚೂರಿಯನ್ನು ರಾಜ್ಯದಲ್ಲಿ 2024ರ ಮಾರ್ಚ್‌ನಲ್ಲಿ ನಿಷೇಧಿಸಲಾಗಿದೆ. ಕಣ್ಣು ಕುಕ್ಕುವ ಕೆಂಪು ಕಂಡರೆ ಮುಂದೆ ಸಾಗಿ. 2025ರ ಫೆಬ್ರುವರಿಯಲ್ಲಿ ನಡೆದ ತಪಾಸಣೆಯಲ್ಲಿ ಕೆಲವೆಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು ಕಂಡುಬಂದಿತ್ತು. ಇಡ್ಲಿ ತಟ್ಟೆಯ ಕಡೆಗೆ ಒಮ್ಮೆ ನೋಡುವುದರಿಂದ ನಷ್ಟವೇನಿಲ್ಲ.

ಬಿಲ್ಲಿನಲ್ಲಿ ಏನಿರಬೇಕು, ಏನಿರಬಾರದು?

ಸಾಮಾನ್ಯ ಹೋಟೆಲುಗಳಲ್ಲಿ ಆಹಾರದ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡ 5. ಬಿಲ್ಲಿನಲ್ಲಿ ಇದು ಕೇಂದ್ರದ ಪಾಲು ಶೇ. 2.5, ರಾಜ್ಯದ ಪಾಲು ಶೇ. 2.5 ಎಂದು ಎರಡು ಸಾಲುಗಳಲ್ಲಿ ಬರುತ್ತದೆ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ಸಣ್ಣ ಹೋಟೆಲಿನವರು ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ.

ಸೇವಾ ಶುಲ್ಕ ತೆರಿಗೆಯಲ್ಲ. ಅದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದ್ದು, ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ಉದಾಹರಣೆಗೆ, ಒಂದು ಕುಟುಂಬದ ಊಟಕ್ಕೆ 600 ರೂಪಾಯಿ ಆದಲ್ಲಿ ತೆರಿಗೆ ಸೇರಿ 630 ರೂಪಾಯಿ ಕೊಡತಕ್ಕದ್ದು. ಶೇ. 10ರ ಸೇವಾ ಶುಲ್ಕ ಹಾಕಿ, ಅದರ ಮೇಲೂ ತೆರಿಗೆ ಎಣಿಸಿದರೆ ಇದೇ ಊಟ 693 ರೂಪಾಯಿ ಆಗುತ್ತದೆ. ಹೆಚ್ಚುವರಿ 63 ರೂಪಾಯಿಯನ್ನು ತೆಗೆದುಹಾಕಲು ಕೇಳುವ ಹಕ್ಕು ಗ್ರಾಹಕರಿಗಿದೆ. ಕುಡಿಯುವ ನೀರಿನ ಬಾಟಲಿಯ ವಿಷಯ ಬೇರೆ: ಅಂಗಡಿಯಲ್ಲಿ ಮುದ್ರಿತ ಗರಿಷ್ಠ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ, ಆದರೆ ಕುಳಿತು ಊಟ ಮಾಡುವ ಹೋಟೆಲಿನವರು ಹೆಚ್ಚು ದರ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಬಾಟಲಿ ಮುಂದಿಟ್ಟರೆ ಬೇಡವೆಂದು ಹೇಳಿ ಲೋಟದಲ್ಲಿ ಬಿಸಿನೀರು ಕೇಳಿ.

ಚಿಲ್ಲರೆ ಹಣ ಜೊತೆಗಿರಲಿ. 2025ರ ಜುಲೈನಲ್ಲಿ ತೆರಿಗೆ ನೋಟಿಸುಗಳ ಕಾರಣದಿಂದ ನಗರದ ಅನೇಕ ಸಣ್ಣ ವ್ಯಾಪಾರಿಗಳು ಯು.ಪಿ.ಐ. ಪಾವತಿ ನಿಲ್ಲಿಸಿ "ನಗದು ಮಾತ್ರ" ಎಂಬ ಫಲಕ ಹಾಕಿದ್ದರು. ಮುಖ್ಯವಾಗಿ, "ಊಟ ಮಾಡಿಕೊಂಡು ಬನ್ನಿ, ಅಲ್ಲಿಯವರೆಗೆ ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ" ಎನ್ನುವ ಅಪರಿಚಿತರ ಕೈಗೆ ಮೂಲ ದಾಖಲೆಗಳನ್ನು ಕೊಡಬಾರದು. ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಊಟಕ್ಕೂ ಜೊತೆಯಲ್ಲಿಯೇ ಒಯ್ಯಿರಿ. ಸಾಂಬಾರಿನ ಕಲೆಯಾದ ಪ್ರಮಾಣಪತ್ರ ಮತ್ತೊಂದು ದಿನದ ಅಲೆದಾಟಕ್ಕೆ ಕಾರಣವಾದೀತು.

ಬಿಲ್ಲಿನ ಕುರಿತು ತಕರಾರಿದ್ದಲ್ಲಿ ಬಿಲ್ಲನ್ನು ಉಳಿಸಿಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಹಾರದ ಶುಚಿತ್ವದ ಬಗ್ಗೆ ದೂರು ನೀಡುವಾಗ ಹೋಟೆಲಿನ ಪರವಾನಗಿ ಸಂಖ್ಯೆ, ದಿನಾಂಕ ಹಾಗೂ ವೇಳೆಯನ್ನು ನಮೂದಿಸತಕ್ಕದ್ದು.