ತಟ್ಟೆಯೊಳಗಿನ ಇಂಗ್ಲಿಷ್ ಪಾಠ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಊಟ, ಮಾತು ಎರಡಕ್ಕೂ ನಾಲಿಗೆ ಒಂದೇ. ಈ ಎರಡು ವಿದ್ಯೆಗಳನ್ನು ಒಂದೇ ಪಾಠದಲ್ಲಿ ಕೂಡಿಸುವ ಪ್ರಯತ್ನ ಇಂಗ್ಲಿಷ್ ಕಲಿಸುವ ತರಗತಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂಗ್ಲಿಷ್ ಮನೆಮಾತಲ್ಲದವರಿಗಾಗಿ ಲಂಡನ್ನಿನಲ್ಲೋ ಟೋಕಿಯೊದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನಡೆಯುವ ತರಗತಿಗಳಲ್ಲಿ ‘ವಿಚಿತ್ರ ಆಹಾರಗಳು’ ಎಂಬ ಪಾಠ ಒಮ್ಮೆಯಾದರೂ ಎದುರಾಗುವುದು ಸಾಮಾನ್ಯ. ಸ್ಕಾಟ್ಲೆಂಡಿನ ಹ್ಯಾಗಿಸ್, ಆಗ್ನೇಯ ಏಷ್ಯಾದ ಡೂರಿಯನ್ ಹಣ್ಣು, ಎಳೆ ಎಳೆಯಾಗಿ ಅಂಟುವ ಜಪಾನಿನ ನಾಟ್ಟೊ, ಐಸ್‌ಲೆಂಡಿನ ಹುಳಿ ಬರಿಸಿದ ಶಾರ್ಕ್ ಮೀನು ಇವೆಲ್ಲ ಅಲ್ಲಿನ ಕಾಯಂ ಅತಿಥಿಗಳು. ಚಿತ್ರ ತೋರಿಸಿದ ಕೂಡಲೇ ತರಗತಿಯಲ್ಲಿ ಗುಜುಗುಜು ಏಳುತ್ತದೆ. ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತವರೂ ಮುಖ ಕಿವುಚುತ್ತಾರೆ, ನಗುತ್ತಾರೆ, ಪ್ರಶ್ನೆ ಕೇಳುತ್ತಾರೆ.

ಮೇಷ್ಟರಿಗೆ ಬೇಕಾದದ್ದೂ ಅದೇ. ಆದರೆ ಬಾಯಿ ತೆರೆಸುವ ಈ ಪಾಠವೇ ಕೆಲವರ ಬಾಯಿ ಮುಚ್ಚಿಸಲೂ ಬಲ್ಲದು. ಅದು ಹೇಗೆಂದು ತಿಳಿಯಬೇಕಾದರೆ ಪಾಠಕ್ಕೆ ಊಟ ಬಂದ ಬಗೆಯನ್ನು ಮೊದಲು ನೋಡಬೇಕು.

ವ್ಯಾಕರಣದಿಂದ ಮಾತಿಗೆ

ನಿಯಮ ಬಾಯಿಪಾಠ ಮಾಡು, ವಾಕ್ಯ ಅನುವಾದಿಸು ಎಂಬುದು ಪರಭಾಷೆ ಕಲಿಸುವ ಹಳೆಯ ಕ್ರಮ. ಹೀಗೆ ಕಲಿತವರು ಪರೀಕ್ಷೆಯಲ್ಲಿ ಗೆದ್ದರೂ ಅಂಗಡಿಯಲ್ಲಿ ಒಂದು ಸೇರು ಹಾಲು ಕೇಳಲು ತಡವರಿಸುತ್ತಿದ್ದರು. 1970ರ ದಶಕದಲ್ಲಿ ಈ ಕ್ರಮ ಬದಲಾಗತೊಡಗಿತು. ವ್ಯಾಕರಣ ತಿಳಿದರೆ ಸಾಲದು, ಯಾರೊಡನೆ ಎಲ್ಲಿ ಹೇಗೆ ಮಾತನಾಡಬೇಕೆಂಬ ಅರಿವೂ ಭಾಷಾಜ್ಞಾನದ ಭಾಗ ಎಂದು ಅಮೆರಿಕದ ವಿದ್ವಾಂಸ ಡೆಲ್ ಹೈಮ್ಸ್ ವಾದಿಸಿದರು. ಪರನಾಡಿನಲ್ಲಿ ಬದುಕಲು ಒಬ್ಬನಿಗೆ ಕನಿಷ್ಠ ಎಷ್ಟು ಭಾಷೆ ಬೇಕು ಎಂಬುದನ್ನು ಕೌನ್ಸಿಲ್ ಆಫ್ ಯೂರೋಪ್ 1975ರಲ್ಲಿ ಪಟ್ಟಿ ಮಾಡಿ ಪ್ರಕಟಿಸಿತು. ಅದರಲ್ಲಿ ಮನೆ, ಪ್ರಯಾಣ, ಆರೋಗ್ಯಗಳ ಜೊತೆಗೆ ತಿಂಡಿ-ತೀರ್ಥಕ್ಕೂ ಸ್ಥಾನವಿತ್ತು.

ಈ ಬದಲಾವಣೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ 1979ರಲ್ಲಿ ಆರಂಭಿಸಿದ ಪ್ರಯೋಗ ಐದು ವರ್ಷ ನಡೆಯಿತು. ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ನಡೆದ ಇದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿನ ಭಾಷಾಬೋಧಕರ ನಡುವೆ ಹೆಸರಾಯಿತು. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಆದ್ದರಿಂದ ಅವರು ಮಕ್ಕಳಿಗೆ ನಿಯಮಗಳ ಬದಲು ಬಿಡಿಸಬೇಕಾದ ಕೆಲಸಗಳನ್ನು ಕೊಟ್ಟರು. ಅಂಥ ಕೆಲಸಗಳಲ್ಲಿ ಮೂರು ಬಗೆ. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿರುವುದು ಮಾಹಿತಿಯ ಅಂತರ. ತಿಳಿದದ್ದರಿಂದ ತಿಳಿಯದ್ದನ್ನು ಊಹಿಸುವುದು ತರ್ಕದ ಅಂತರ. ನನ್ನ ಅಭಿರುಚಿ ಬೇರೆ, ನಿನ್ನದು ಬೇರೆ ಎಂಬುದು ಅಭಿಪ್ರಾಯದ ಅಂತರ. ಅಂತರವಿದ್ದಲ್ಲಿ ಮಾತು ಹುಟ್ಟುತ್ತದೆ. ಇಬ್ಬರಿಗೂ ಗೊತ್ತಿರುವುದನ್ನು ಕೇಳುವುದರಲ್ಲಿ ಅರ್ಥವಿಲ್ಲ.

ವಿಚಿತ್ರ ಆಹಾರದ ಪಾಠದಲ್ಲಿ ಈ ಮೂರೂ ಸೇರಿಬರುತ್ತವೆ. ಇದು ಏನು, ಹೇಗೆ ಮಾಡುತ್ತಾರೆ ಎಂಬುದು ಮಾಹಿತಿ. ಜನ ಇದನ್ನು ಯಾಕೆ ತಿನ್ನಲು ಕಲಿತರು ಎಂಬುದು ತರ್ಕ. ನೀನು ತಿನ್ನುತ್ತೀಯಾ ಎಂಬುದು ಅಭಿಪ್ರಾಯ.

ಶಾರ್ಕ್ ಮೀನು, ಕರ್ಮಣಿ ಪ್ರಯೋಗ

ವ್ಯಾಕರಣದ ಕೆಲಸವೂ ಇಲ್ಲಿ ಸದ್ದಿಲ್ಲದೆ ಸಾಗುತ್ತದೆ. ಐಸ್‌ಲೆಂಡಿನ ಶಾರ್ಕ್ ಮೀನನ್ನೇ ನೋಡಿ. ಗ್ರೀನ್‌ಲೆಂಡ್ ಶಾರ್ಕಿನ ಹಸಿ ಮಾಂಸ ವಿಷ. ಅದನ್ನು ವಾರಗಟ್ಟಲೆ ಹುದುಗಿಸಿಟ್ಟು, ಅನಂತರ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿ, ಸಣ್ಣ ತುಂಡು ಮಾಡಿ ತಿನ್ನುತ್ತಾರೆ. ಕನ್ನಡದಲ್ಲಿ ‘ಹೂಳುತ್ತಾರೆ, ತೂಗುಹಾಕುತ್ತಾರೆ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಇಂಥ ತಯಾರಿಯನ್ನು ಹೇಳಲು ಕರ್ಮಣಿ ಪ್ರಯೋಗವೇ ವಾಡಿಕೆ: ‘ಇಟ್ ಈಸ್ ಬರೀಡ್, ಇಟ್ ಈಸ್ ಹಂಗ್, ಇಟ್ ಈಸ್ ಕಟ್’. ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ಅಪರೂಪವಾಗಿರುವ ನಮ್ಮಂಥವರಿಗೆ ಕರಿಹಲಗೆಯ ಮೇಲಿನ ನಿಯಮಕ್ಕಿಂತ ಈ ಮೀನು ಚೆನ್ನಾಗಿ ನೆನಪಿರುತ್ತದೆ.

ಡೂರಿಯನ್ ಹಣ್ಣು ನಮ್ಮ ಹಲಸಿನಂತೆ ಮುಳ್ಳುಮುಳ್ಳಾದದ್ದು. ರುಚಿಗೆ ಮಾರುಹೋದವರಷ್ಟೇ ವಾಸನೆಗೆ ಹೆದರಿ ಓಡುವವರೂ ಇದ್ದಾರೆ. ಸಿಂಗಪುರದ ಮೆಟ್ರೊ ರೈಲುಗಳಲ್ಲಿ ಅದನ್ನು ಒಯ್ಯುವಂತಿಲ್ಲ. ‘ಮಸ್ಟ್ ನಾಟ್’ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ‘ಹ್ಯಾವ್ ಯು ಎವರ್ ಈಟನ್’ ಎಂಬ ಪ್ರಶ್ನೆಯೂ ಹಾಗೆಯೇ. ಜೀವಮಾನದಲ್ಲಿ ಎಂದಾದರೂ ಅನ್ನ ತಿಂದಿದ್ದೀರಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಡೂರಿಯನ್ ತಿಂದಿದ್ದೀರಾ ಎಂದು ಕೇಳಬಹುದು.

ರುಚಿಯ ಪದಗಳಂತೂ ಎರಡು ಭಾಷೆಗಳ ಅಂತರವನ್ನೇ ಬಿಚ್ಚಿಡುತ್ತವೆ. ನಮಗೆ ಖಾರ ಬೇರೆ, ಬಿಸಿ ಬೇರೆ. ಇಂಗ್ಲಿಷಿನ ‘ಹಾಟ್’ ಎರಡನ್ನೂ ಹೊತ್ತುಕೊಂಡಿದೆ. ಎಳೆಯ ಅಡಿಕೆಯ ಒಗರನ್ನು ಹಳ್ಳಿಯ ಮಗುವೂ ಒಂದೇ ಪದದಲ್ಲಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಆಸ್ಟ್ರಿಂಜೆಂಟ್’ ಎಂಬ ಪದವಿದ್ದರೂ ಮನೆಯ ಊಟದ ಮಾತಿನಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಇನ್ನು ಬಡಿಸಿದವರಿಗೆ ನೋವಾಗದಂತೆ ಬೇಡ ಎನ್ನುವ ಬಗೆಯನ್ನು ಯಾವ ವ್ಯಾಕರಣ ಪುಸ್ತಕವೂ ಪೂರ್ತಿ ಕಲಿಸಲಾರದು.

ಯಾರಿಗೆ ವಿಚಿತ್ರ?

ಇಷ್ಟೆಲ್ಲ ಸರಿ. ಆದರೆ ‘ವಿಚಿತ್ರ’ ಎಂದು ತೀರ್ಮಾನಿಸುವವರು ಯಾರು?

ಹೇಸಿಗೆ ನಾಲಿಗೆಗಿಂತ ಹೆಚ್ಚಾಗಿ ಮನಸ್ಸಿಗೆ ಸೇರಿದ್ದು. ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾದದ್ದು. ಅವರು ಒಳ್ಳೆಯ ಚಾಕೊಲೇಟ್ ಮಿಠಾಯಿಯನ್ನು ನಾಯಿಯ ಹೇಲಿನ ಆಕಾರದಲ್ಲಿ ಮಾಡಿ ಮುಂದಿಟ್ಟರು. ಅದು ಮಿಠಾಯಿಯೇ ಎಂದು ತಿಳಿದಿದ್ದೂ ಜನ ಹಿಂಜರಿದರು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿಗೆ ಇಂಥ ಹಿಂಜರಿಕೆ ಇಲ್ಲ. ಅದನ್ನು ಮನೆ ಕಲಿಸುತ್ತದೆ, ಊರು ಕಲಿಸುತ್ತದೆ. ಒಂದು ಮನೆ ಅಮೃತವೆಂದದ್ದನ್ನು ಇನ್ನೊಂದು ಮನೆ ಮುಟ್ಟದಿರುವುದು ಇದರಿಂದಲೇ.

ಈಗ ವಲಸೆ ಬಂದ ಮಗುವಿನ ಸ್ಥಿತಿ ನೋಡೋಣ. ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಅನ್ಯಭಾಷಿಕ ಮಕ್ಕಳ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಇವರಿಗೆ ನೆರವು ಸುಮ್ಮನೆ ಸಿಕ್ಕಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ಮೂಲದ ಸುಮಾರು 1,800 ಮಕ್ಕಳು ಪಾಠ ಅರ್ಥವಾಗದೆ, ಇಂಗ್ಲಿಷ್ ಕಲಿಕೆಗೆ ಯಾವ ಹೆಚ್ಚಿನ ನೆರವೂ ಇಲ್ಲದೆ ಕುಳಿತಿದ್ದರು. ಅವರ ಪರವಾದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪು ನೀಡಿತು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂಬುದು ಅದರ ಸಾರ.

ಭಾಷೆಯ ಬಾಗಿಲು ಹೀಗೆ ತೆರೆದರೂ ಊಟದ ಡಬ್ಬಿಯ ಮುಚ್ಚಳ ತೆರೆಯುವುದು ಕಷ್ಟವೇ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಪಕ್ಕದವರು ಮೂಗು ಮುಚ್ಚಿಕೊಂಡದ್ದನ್ನು ವಲಸಿಗರ ಮಕ್ಕಳು ದೊಡ್ಡವರಾದ ಮೇಲೂ ಮರೆತಿಲ್ಲ. ನಮ್ಮ ಒಗ್ಗರಣೆಯ ಜೀವವಾದ ಇಂಗಿಗೆ ಇಂಗ್ಲಿಷಿನಲ್ಲಿ ‘ಡೆವಿಲ್ಸ್ ಡಂಗ್’, ಅಂದರೆ ಸೈತಾನನ ಸಗಣಿ ಎಂಬ ಹಳೆಯ ಅಡ್ಡಹೆಸರೇ ಇದೆ. ಇಂಗಿನ ಘಮವಿರುವ ಚಿತ್ರಾನ್ನ ಒಯ್ದ ಕನ್ನಡದ ಹುಡುಗಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ಅದರ ಹಿಂದಿನ ಭಾವ ಮಾತ್ರ ಗೊತ್ತಾಗಿಬಿಡುತ್ತದೆ. ಪಾಠದ ವಿಚಿತ್ರ ಪಟ್ಟಿಯಲ್ಲಿ ತನ್ನ ಅಜ್ಜಿಯ ಅಡಿಗೆಯನ್ನೇ ಕಂಡ ಮಗು ಕೈ ಎತ್ತುವುದಿಲ್ಲ. ಭಯ, ಅವಮಾನಗಳಿದ್ದಲ್ಲಿ ಕೇಳಿದ ಭಾಷೆಯೂ ಒಳಗಿಳಿಯದೆಂದು ಸ್ಟೀಫನ್ ಕ್ರಾಶನ್ 1980ರ ದಶಕದ ಆರಂಭದಲ್ಲೇ ವಾದಿಸಿದ್ದರು.

ಪಾಠ ತಿರುಗಿದಾಗ

ಹಾಗೆಂದು ಪಾಠವನ್ನೇ ಕೈಬಿಡಬೇಕಾಗಿಲ್ಲ, ತಿರುಗಿಸಿದರೆ ಸಾಕು. ಅನುಭವಿ ಮೇಷ್ಟರು ಇಂಗ್ಲಿಷರ ತಟ್ಟೆಯಿಂದಲೇ ಆರಂಭಿಸುತ್ತಾರೆ. ಬೂಷ್ಟು ಹಿಡಿದ ನೀಲಿ ಚೀಸು ಅವರಿಗೆ ಔತಣ. ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳನ್ನು ಓಟ್ಸ್ ಜೊತೆ ಕಲಸಿ ಜಠರದ ಚೀಲದಲ್ಲಿ ಬೇಯಿಸಿದ ಹ್ಯಾಗಿಸ್ ಸ್ಕಾಟ್ಲೆಂಡಿನ ಹೆಮ್ಮೆ. ಜಾನುವಾರುಗಳ ಶ್ವಾಸಕೋಶವನ್ನು ಆಹಾರವಾಗಿ ಬಳಸುವುದನ್ನು ಅಮೆರಿಕ 1971ರಲ್ಲಿ ನಿಷೇಧಿಸಿದಾಗ ಸಾಂಪ್ರದಾಯಿಕ ಹ್ಯಾಗಿಸ್‌ಗೆ ಅಲ್ಲಿನ ಮಾರುಕಟ್ಟೆ ಮುಚ್ಚಿಹೋಯಿತು. ಇಂಗ್ಲಿಷ್ ಆಡುವ ಎರಡು ನಾಡುಗಳ ನಡುವೆಯೇ ಹೀಗಿದ್ದರೆ ಉಳಿದವರ ಮಾತೇನು?

ಆಮೇಲೆ ಸರದಿ ಕಲಿಯುವವರದು: ನಿಮ್ಮೂರಿನ ಯಾವ ತಿನಿಸು ಹೊರಗಿನವರಿಗೆ ವಿಚಿತ್ರವೆನಿಸೀತು? ಅವರಿಗೆ ಅದನ್ನು ಹೇಗೆ ವಿವರಿಸುತ್ತೀರಿ? ಮಲೆನಾಡಿನವನಾದರೆ ಕಳಲೆಯನ್ನು ಹೇಳಬಹುದು. ಎಳೆ ಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಬೇಕು, ಇಲ್ಲವಾದರೆ ಅದರಲ್ಲಿನ ವಿಷ ಹೋಗುವುದಿಲ್ಲ. ಶಾರ್ಕ್ ಮೀನಿನ ಕಥೆಯಲ್ಲಿ ಕಲಿತ ಕರ್ಮಣಿ ಪ್ರಯೋಗ ಈಗ ಸ್ವಂತ ಅಡಿಗೆಮನೆಗೆ ಬಂತು. ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಯ ಚಗಳಿ ಚಟ್ನಿಯನ್ನೂ ಹೇಳಬಹುದು. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇಂಥದೇ ಇರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಊಟದಲ್ಲಿ ಕೀಟಗಳಿಗೆ ಸ್ಥಾನವಿದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರ ವರದಿಯಲ್ಲಿ ಅಂದಾಜು ಮಾಡಿತ್ತು. ಇಷ್ಟು ಜನ ತಿನ್ನುವುದನ್ನು ವಿಚಿತ್ರವೆನ್ನುವುದು ಹೇಗೆ?

ಇಂಗ್ಲಿಷ್ ಭಾಷೆಯೇನೂ ಪರರ ಊಟಕ್ಕೆ ಮುಖ ತಿರುಗಿಸಿದ್ದಲ್ಲ. ಮಲಯಾಳದ ‘ಮಾಙ್ಙ’ ಪೋರ್ಚುಗೀಸರ ಮೂಲಕ ಹೋಗಿ ‘ಮ್ಯಾಂಗೋ’ ಆಯಿತು. ‘ಚಕ್ಕ’ ಹೋಗಿ ‘ಜ್ಯಾಕ್‌ಫ್ರೂಟ್’ ಆಯಿತು. ತಮಿಳರ ಮೆಣಸಿನ ನೀರು ‘ಮಲ್ಲಿಗಟಾನಿ’ ಸೂಪ್ ಆಗಿ ಸಾಹೇಬರ ಮೇಜು ಸೇರಿತು. ನಾವೂ ಕಡಿಮೆಯವರಲ್ಲ. ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿಯನ್ನು ಎಷ್ಟು ನಮ್ಮದಾಗಿಸಿಕೊಂಡೆವೆಂದರೆ, ಬ್ಯಾಡಗಿಯವರಿಗೆ ಅದು ಪರದೇಶದ್ದೆಂದರೆ ನಕ್ಕಾರು.

ಪ್ರಭು ಅವರು ಹೇಳಿದ ಅಂತರ ನಿಜವಾಗುವುದು ಇಲ್ಲಿಯೇ. ಮಿಕ್ಕ ಪಾಠಗಳಲ್ಲಿ ಮೇಷ್ಟರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಮಗು ಹೇಳುವುದು ಸರಿಯೋ ತಪ್ಪೋ ಎಂದಷ್ಟೇ ಅವರು ನೋಡುತ್ತಾರೆ. ಕಳಲೆಯನ್ನು ಎಷ್ಟು ದಿನ ನೆನೆಹಾಕಬೇಕೆಂಬುದು ಲಂಡನ್ನಿನ ಮೇಷ್ಟರಿಗೆ ಗೊತ್ತಿಲ್ಲ. ಅವರು ತಿಳಿಯಲೆಂದೇ ಕೇಳುತ್ತಾರೆ. ಆಗ ಹರಕು ಮುರುಕು ಇಂಗ್ಲಿಷಿನಲ್ಲಾದರೂ ಮಗು ಉತ್ತರ ಹೇಳಲೇಬೇಕಾಗುತ್ತದೆ, ಏಕೆಂದರೆ ಆ ತರಗತಿಯಲ್ಲಿ ಅದನ್ನು ಬಲ್ಲವರು ಬೇರೆ ಯಾರೂ ಇರುವುದಿಲ್ಲ.